ಮಂಗಳೂರಿನಿಂದ ಆಳಿದ ದ್ವೀಪಗಳು ಮತ್ತು ಅವುಗಳ ಹವಳದ ಏರಿ

ದಕ್ಷಿಣ ಕನ್ನಡ ಜಿಲ್ಲೆ ಒಂದು ಕಾಲದಲ್ಲಿ ಕಡಲ ದಂಡೆಗೇ ಮುಗಿಯುತ್ತಿರಲಿಲ್ಲ. ಅರಬ್ಬಿ ಸಮುದ್ರದೊಳಗಿನ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಐದು ದ್ವೀಪಗಳೂ ಅದಕ್ಕೆ ಸೇರಿದ್ದವು. ಇವುಗಳಿಗೆ ಅಮೀನ್‌ದೀವಿ ದ್ವೀಪಗಳು ಎಂದು ಹೆಸರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆದಾಗ ಇವು ಮಂಗಳೂರಿನ ಕೈತಪ್ಪಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಆ ಪ್ರದೇಶಕ್ಕೆ 1973ರಲ್ಲಿ ಲಕ್ಷದ್ವೀಪ ಎಂಬ ಹೆಸರು ಬಂತು.

ಈ ದ್ವೀಪಗಳಲ್ಲಿ ಗುಡ್ಡವಿಲ್ಲ, ಹೊಳೆಯಿಲ್ಲ. ಕಾಲಡಿಯ ನೆಲವೆಲ್ಲ ಹವಳದ ಪುಡಿ. ಆ ನೆಲವನ್ನು ಕೊಟ್ಟ ಹವಳವೇ ಈಗ ಸಾಯುತ್ತಿದೆ. ಅದರ ಕಥೆಯನ್ನು ನಾವು ಇಲ್ಲಿ ಹೇಳುತ್ತೇವೆ.

ಹುರಿ ಕೊಟ್ಟು ಅಕ್ಕಿ ತಂದ ಕಾಲ

18ನೇ ಶತಮಾನದ ಕೊನೆಯಲ್ಲಿ ಈ ಐದು ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದಿಂದ ಟಿಪ್ಪು ಸುಲ್ತಾನನ ಆಡಳಿತಕ್ಕೆ ಬಂದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಇವನ್ನು ಕೆನರಾ ಜಿಲ್ಲೆಗೆ ಸೇರಿಸಿತು.

ದ್ವೀಪದವರು ತೆಂಗಿನ ನಾರಿನ ಹುರಿ, ಕೊಬ್ಬರಿ, ಬೆಲ್ಲವನ್ನು ಹಾಯಿ ಓಡಗಳಲ್ಲಿ ತುಂಬಿ ಮಂಗಳೂರಿಗೆ ಬರುತ್ತಿದ್ದರು. ಹುರಿಯ ವ್ಯಾಪಾರ ಸರ್ಕಾರದ ಕೈಯಲ್ಲಿತ್ತು. ಹುರಿ ಕೊಟ್ಟು ಅಕ್ಕಿ ಒಯ್ಯಬೇಕು. ಭತ್ತ ಬೆಳೆಯದ ನೆಲದವರಿಗೆ ಅದೇ ಅನ್ನದ ದಾರಿ.

ಮನೆ, ಮಸೀದಿ ಕಟ್ಟಲು ಮಾತ್ರ ಅವರು ಹವಳದ ಕಲ್ಲನ್ನೇ ಕಡಿಯುತ್ತಿದ್ದರು. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡಿದಂತೆ ಅವರು ಹವಳ ಸುಟ್ಟು ಸುಣ್ಣ ಮಾಡುತ್ತಿದ್ದರು. ಬೇರೆ ಕಲ್ಲು ಅಲ್ಲಿ ಇರಲಿಲ್ಲ.

ಕಲ್ಲಲ್ಲ, ಜೀವ

ಹವಳ ನೋಡಲು ಕಲ್ಲಿನಂತಿದ್ದರೂ ಅದನ್ನು ಕಟ್ಟುವುದು ಚಿಕ್ಕ ಚಿಕ್ಕ ಪ್ರಾಣಿಗಳು. ಅವು ನೀರಿನಲ್ಲಿರುವ ಸುಣ್ಣದ ಅಂಶದಿಂದ ತಮಗೊಂದು ಗೂಡು ಕಟ್ಟಿಕೊಳ್ಳುತ್ತವೆ. ಹಳೆಯ ಗೂಡಿನ ಮೇಲೆ ಹೊಸ ಗೂಡು ಏರುತ್ತಾ ಸಾವಿರಾರು ವರ್ಷಗಳಲ್ಲಿ ದಿಬ್ಬವಾಗುತ್ತದೆ. ಸಮುದ್ರದ ಬೆಂಕಿ ಬೆಟ್ಟ ನಿಧಾನವಾಗಿ ಕುಸಿಯುವಾಗ ಅದರ ಸುತ್ತ ಹವಳ ಮೇಲೆ ಮೇಲೆ ಬೆಳೆದು ಉಂಗುರದಂಥ ದಿಬ್ಬ ಉಳಿಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲೇ ವಿವರಿಸಿದ್ದರು.

ಈ ದಿಬ್ಬ ದ್ವೀಪಕ್ಕೆ ಕೆರೆಯ ಏರಿ ಇದ್ದಂತೆ. ನಮ್ಮ ಏರಿ ನೀರನ್ನು ಒಳಗೆ ಹಿಡಿದರೆ ಇದು ಸಮುದ್ರವನ್ನು ಹೊರಗೆ ತಡೆಯುತ್ತದೆ. ದೊಡ್ಡ ಅಲೆ ದಿಬ್ಬಕ್ಕೆ ಬಡಿದು ಒಡೆಯುವುದರಿಂದ ಒಳಗಿನ ನೀರು ಶಾಂತವಾಗಿರುತ್ತದೆ. ದ್ವೀಪದ ಬಾವಿಯಲ್ಲಿ ಸಿಗುವುದು ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತ ಮಳೆನೀರು. ಏರಿ ಸೋತರೆ ದಡ ಕೊರೆಯುತ್ತದೆ, ಬಾವಿ ಉಪ್ಪಾಗುತ್ತದೆ.

ದಿಬ್ಬವನ್ನು ಉಳಿಸಿದ ಮೀನುಗಾರಿಕೆ

ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್ ದ್ವೀಪದವರು ಹಿಂದಿನಿಂದಲೂ ಗಾಳಕೋಲಿನಲ್ಲಿ ಟ್ಯೂನಾ ಮೀನು ಹಿಡಿಯುವವರು. ದಿಬ್ಬದ ಒಳಗಿನ ನೀರಿನಲ್ಲಿ ಸಣ್ಣ ಮೀನುಗಳನ್ನು ಜೀವಂತ ಹಿಡಿದು, ಹೊರಗಿನ ಆಳ ಕಡಲಿನಲ್ಲಿ ಅವನ್ನು ಎರಚಿ, ಮುತ್ತುವ ಟ್ಯೂನಾಗಳನ್ನು ಒಂದೊಂದಾಗಿ ಎಳೆಯುತ್ತಾರೆ. 1960ರ ದಶಕದಿಂದ ಮೀನುಗಾರಿಕೆ ಇಲಾಖೆ ಯಂತ್ರದ ದೋಣಿ, ತರಬೇತಿ ಕೊಟ್ಟು ಈ ಕಸುಬನ್ನು ಉಳಿದ ದ್ವೀಪಗಳಿಗೂ ಹರಡಿತು.

ಉದ್ದೇಶ ಜನರ ಸಂಪಾದನೆ. ಆದರೆ ಇದರಿಂದ ದಿಬ್ಬದ ಮೀನುಗಳ ಮೇಲಿನ ಒತ್ತಡ ಕಡಿಮೆಯಾಯಿತು. ಹವಳದ ಮೇಲೆ ಬೆಳೆಯುವ ಪಾಚಿಯನ್ನು ತಿಂದು ಜಾಗ ಶುಚಿ ಮಾಡುವ ಮೀನುಗಳು ಉಳಿದವು. ಶುಚಿಯಾದ ಜಾಗದಲ್ಲೇ ಹೊಸ ಹವಳದ ಮರಿ ಬೇರೂರುತ್ತದೆ.

ಹೊರಗಿನಿಂದ ಬಂದ ಬಿಸಿ

ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಹವಳಕ್ಕೆ ಬಣ್ಣವನ್ನೂ ಹೆಚ್ಚಿನ ಆಹಾರವನ್ನೂ ಕೊಡುವುದು ಅದೇ. ಬೇಸಿಗೆಯ ವಾಡಿಕೆಯ ಬಿಸಿಗಿಂತ ಒಂದು ಡಿಗ್ರಿ ಹೆಚ್ಚಾಗಿ ಅದು ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿದು ಸಾಯುತ್ತದೆ.

ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ ಈ ಹವಳಗಳನ್ನು ವರ್ಷ ವರ್ಷವೂ ಗಮನಿಸಿದ ವಿಜ್ಞಾನಿಗಳ ಪ್ರಕಾರ 1998ರಲ್ಲಿ ಶೇ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಶೇ 19ರ ಆಸುಪಾಸಿಗೆ ಇಳಿದಿದೆ. 2024ರ ಬೇಸಿಗೆಯಲ್ಲಿ ಮತ್ತೆ ದೊಡ್ಡ ಪ್ರಮಾಣದಲ್ಲಿ ಹವಳ ಬೆಳ್ಳಗಾಯಿತು. ಬಂಗಾರಂ ಬಳಿ ಪರಳಿ ಎಂಬ, ಜನರಿಲ್ಲದ ಪುಟ್ಟ ದ್ವೀಪವೊಂದು ಪೂರ್ತಿ ಸವೆದು ಹೋಗಿದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಕಾನೂನು ಎಷ್ಟು ಕಾಯಬಲ್ಲದು?

2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಕಡಿಯುವುದು, ಮಾರುವುದು ಅಪರಾಧ. 2020ರಲ್ಲಿ ಚೆರಿಯಪಾಣಿ ದಿಬ್ಬದ ಸುತ್ತ ಸಮುದ್ರ ಸೌತೆಗಳಿಗೆಂದೇ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಮಂಗಳೂರಿನ ಹಳೆ ಬಂದರಿನಿಂದ ಇಂದಿಗೂ ಮಂಜಿಗಳಲ್ಲಿ ಸಿಮೆಂಟ್, ಜಲ್ಲಿ, ತರಕಾರಿ ಲಕ್ಷದ್ವೀಪಕ್ಕೆ ಹೋಗುತ್ತದೆ. ಹಿಂದೆ ಅಕ್ಕಿ ಒಯ್ದ ದಾರಿಯಲ್ಲೇ ಈಗ ಮನೆ ಕಟ್ಟುವ ಸಾಮಾನೂ ಹೋಗುತ್ತಿದೆ.

ಕೊಡಲಿಯನ್ನು ಕಾನೂನು ತಡೆದೀತು, ಬಿಸಿನೀರನ್ನು ತಡೆಯಲಾರದು. ಕಲ್ಲಿದ್ದಲು, ಎಣ್ಣೆ ಉರಿಸಿ ಜಗತ್ತು ಹೆಚ್ಚಿಸಿಕೊಂಡ ಬಿಸಿಯಲ್ಲಿ ಹೆಚ್ಚಿನ ಪಾಲನ್ನು ಸಮುದ್ರವೇ ಹೀರಿಕೊಂಡಿದೆ. ಕಡಮತ್‌ನ ಮೀನುಗಾರ ಎಷ್ಟೇ ಜೋಪಾನ ಮಾಡಿದರೂ ಅದು ಅವನ ಕೈಯಲ್ಲಿಲ್ಲ. ಸ್ಥಳೀಯ ಜೋಪಾನದಿಂದ ಆಗುವುದು ಒಂದೇ: ಒಂದು ಬಿಸಿಗೂ ಇನ್ನೊಂದು ಬಿಸಿಗೂ ನಡುವೆ ಹವಳ ಚೇತರಿಸಿಕೊಳ್ಳಲು ಅವಕಾಶ. ದಿಬ್ಬದ ಮೀನನ್ನು ಬಿಡುವುದು, ಹೂಳೆತ್ತುವಾಗ ಎಚ್ಚರ ವಹಿಸುವುದು, ಕೊಳಕು ನೀರು ಬಿಡದಿರುವುದು ಇದಕ್ಕಾಗಿಯೇ.

ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ಅಲ್ಲಿ ನೀರಿಗಿಳಿದರೆ ಹವಳದ ಮೇಲೆ ಕಾಲಿಡಬೇಡಿ, ನೆನಪಿಗೆಂದು ತುಂಡು ಮುರಿದು ತರಬೇಡಿ. ಏರಿಯ ಕಲ್ಲು ಕೀಳಬಾರದೆಂದು ನಮ್ಮ ಊರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಇದೂ ಏರಿಯೇ.