ಅಕ್ಷರಗಳ ಕರ್ವ್ ಪರಿವರ್ತನೆ

ಅಕ್ಷರಗಳ ಕರ್ವ್ ಪರಿವರ್ತನೆ ಎಂಬುದು ವೆಕ್ಟರ್ ವಿನ್ಯಾಸದಲ್ಲಿರುವ ಪಠ್ಯವನ್ನು ಮುದ್ರಣಾಲಯಕ್ಕೆ ಕಳುಹಿಸುವ ಮುನ್ನ ರೇಖಾಕೃತಿಗಳನ್ನಾಗಿ ಮಾರ್ಪಡಿಸುವ ಕ್ರಮವಾಗಿದೆ. ಕೋರೆಲ್‌ಡ್ರಾ ತಂತ್ರಾಂಶದಲ್ಲಿ ಇದಕ್ಕೆ ‘ಕನ್ವರ್ಟ್ ಟು ಕರ್ವ್ಸ್’ ಎಂದೂ ಅಡೋಬಿ ಇಲ್ಲಸ್ಟ್ರೇಟರ್‌ನಲ್ಲಿ ‘ಕ್ರಿಯೇಟ್ ಔಟ್‌ಲೈನ್ಸ್’ ಎಂದೂ ಹೆಸರು.

ಕಡತದಲ್ಲಿ ಪಠ್ಯವು ಸಂಕೇತಗಳಾಗಿರುತ್ತದೆ. ಅಕ್ಷರಗಳ ಆಕಾರವಿರುವುದು ಫಾಂಟಿನಲ್ಲಿ. ಮುದ್ರಣಾಲಯದ ಗಣಕದಲ್ಲಿ ಆ ಫಾಂಟ್ ಇಲ್ಲದಿದ್ದರೆ ಬೇರೊಂದು ಫಾಂಟ್ ಅದರ ಸ್ಥಾನಕ್ಕೆ ಬಂದು ಸಾಲುಗಳ ಅಳತೆ ಕೆಡುತ್ತದೆ. ಕನ್ನಡದಲ್ಲಿ ತೊಂದರೆ ಇನ್ನೂ ಹೆಚ್ಚು. ನುಡಿ ಮೊದಲಾದ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಕನ್ನಡದ ಆಕಾರಗಳು ರೋಮನ್ ಲಿಪಿಯ ಸಂಕೇತಸ್ಥಾನಗಳಲ್ಲಿವೆ. ಹೀಗಾಗಿ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ಯೂನಿಕೋಡ್ ಪಠ್ಯಕ್ಕೆ ಈ ದೋಷವಿಲ್ಲ. ಆದರೆ ಭಾರತೀಯ ಲಿಪಿಗಳ ಜೋಡಣೆಯನ್ನು ಅರಿಯದ ತಂತ್ರಾಂಶದಲ್ಲಿ ಒತ್ತಕ್ಷರಗಳು ಬಿಡಿಯಾಗಿ, ‘ಅಕ್ಕ’ ಎಂಬುದು ‘ಅಕ್‌ಕ’ ಎಂದಾಗುತ್ತದೆ. ಬರಹವು ಸರಿಯಾಗಿ ಕಾಣುವ ಗಣಕದಲ್ಲಿಯೇ ಪರಿವರ್ತಿಸಿದರೆ ಈ ಎರಡೂ ಅಪಾಯಗಳು ತಪ್ಪುತ್ತವೆ.

ಪರಿವರ್ತನೆಗೊಂಡ ಅಕ್ಷರವು ಕೇವಲ ಚಿತ್ರ. ಅನಂತರ ಕೀಲಿಮಣೆಯಿಂದ ಕಾಗುಣಿತ ತಿದ್ದುವಂತಿಲ್ಲ. ಮದುವೆಯ ಕರೆಯೋಲೆಯಲ್ಲಿ ಮುಹೂರ್ತದ ದಿನಾಂಕ ತಪ್ಪಿದ್ದರೆ ಅದೂ ಹಾಗೆಯೇ ಅಚ್ಚಾಗುತ್ತದೆ! ಆದುದರಿಂದ ಕರಡು ತಿದ್ದುವ ಕೆಲಸವನ್ನು ಮೊದಲೇ ಮುಗಿಸಿ, ಮೂಲ ಕಡತದ ಪ್ರತಿಯೊಂದನ್ನು ಬೇರೆಯಾಗಿ ಉಳಿಸಿಕೊಳ್ಳುವುದು ಅವಶ್ಯಕ.

ಸಣ್ಣ ಕಪ್ಪು ಅಕ್ಷರಗಳನ್ನು ನಾಲ್ಕು ಶಾಯಿಗಳ ಮಿಶ್ರಣದಿಂದಲ್ಲದೆ ಕಪ್ಪು ಶಾಯಿಯೊಂದರಿಂದಲೇ ಮುದ್ರಿಸುವುದು ವಾಡಿಕೆ. ಪ್ಲೇಟುಗಳು ತುಸು ಸರಿದರೂ ಅಂಚುಗಳಲ್ಲಿ ಬಣ್ಣ ಇಣುಕುತ್ತದೆ.

ಪುಸ್ತಕದಂತಹ ದೀರ್ಘ ಪಠ್ಯಕ್ಕೆ ಈ ಕ್ರಮ ಸೂಕ್ತವಲ್ಲ. ಅಲ್ಲಿ ಫಾಂಟನ್ನು ಪಿಡಿಎಫ್ ಕಡತದೊಳಗೇ ಅಡಕಗೊಳಿಸಲಾಗುತ್ತದೆ. 2001ರ ಪಿಡಿಎಫ್/ಎಕ್ಸ್-1ಎ ಮಾನಕವು ಇದನ್ನು ಕಡ್ಡಾಯಗೊಳಿಸಿದೆ.