ಕಲ್ಲಿಗೊಂದು ವಿಳಾಸ

ಬೆಂಗಳೂರಿನಲ್ಲಿ ನನಗೆ ಸಂಬಳ ಬರೋದು ಒಂದು ವಿಚಿತ್ರ ಕೆಲಸಕ್ಕೆ. ಕಂಪನಿಯ ವೆಬ್‌ಸೈಟಿನಲ್ಲಿ ಸಾವಿರಾರು ಪುಟಗಳಿರುತ್ತವೆ. ಗೂಗಲ್‌ನಲ್ಲಿ ಹುಡುಕುವವರ ಕಣ್ಣಿಗೆ ಬೀಳೋ ಹಾಗೆ ಅವನ್ನು ಜೋಡಿಸಬೇಕು. ಬರೆದದ್ದು ಎಷ್ಟೇ ಚೆನ್ನಾಗಿರಲಿ, ಅಲ್ಲಿಗೆ ದಾರಿ ಇಲ್ಲದಿದ್ದರೆ ಯಾರೂ ಬರೋಲ್ಲ. ಈ ಕಸುಬಿನ ಮುಖ್ಯ ನಿಯಮಗಳು ನಾಲ್ಕೇ. ಪ್ರತಿ ಪುಟಕ್ಕೂ ಒಂದು ಖಾಯಂ ವಿಳಾಸ ಕೊಡು. ಸಂಬಂಧಪಟ್ಟವನ್ನು ಒಂದು ತಲೆಬರಹದ ಕೆಳಗೆ ತಾ. ಒಂದರಿಂದ ಇನ್ನೊಂದಕ್ಕೆ ಲಿಂಕ್ ಹಾಕು. ವಿಳಾಸ ಬದಲಾಯಿಸಲೇಬೇಕಾದರೆ ಹಳೇ ಮತ್ತು ಹೊಸ ವಿಳಾಸಗಳ ನಡುವೆ ಕೊಂಡಿ ಬಿಡು.

ನಾನು ಹುಟ್ಟಿ ಬೆಳೆದದ್ದು ಹುಣಸೂರು ತಾಲ್ಲೂಕಿನಲ್ಲಿ. ನಮ್ಮ ಕಡೆಯ ಶಾಸನದ ಕಲ್ಲುಗಳಿಗೆ ಇದೇ ನಿಯಮಗಳು 1898ರಲ್ಲೇ, ಕಾಗದದ ಮೇಲೆ ಅನ್ವಯವಾಗಿದ್ದವು.

ಬಿ.ಎಲ್. ರೈಸ್ ಹೆಸರು ನೀವು ಶಾಲೆಯಲ್ಲಿ ಕೇಳಿರುತ್ತೀರಿ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ, ಪಾದ್ರಿಯೊಬ್ಬರ ಮಗ. ಮೈಸೂರು ಸಂಸ್ಥಾನದಲ್ಲಿ ಮೊದಲು ಶಿಕ್ಷಣ ಇಲಾಖೆ, ಆಮೇಲೆ ಪುರಾತತ್ವ. ಅವರೂ ಇಲಾಖೆಯ ಪಂಡಿತರೂ ಸೇರಿ ಊರೂರಿನ ಶಾಸನಗಳನ್ನು ಪ್ರತಿ ಮಾಡಿಸಿ, ಓದಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿದರು. ಒಟ್ಟು ಒಂಬತ್ತು ಸಾವಿರದ ಹತ್ತಿರ ಶಾಸನಗಳು. ಮೈಸೂರು ಜಿಲ್ಲೆಯ ಎರಡನೇ ಭಾಗವಾದ ನಾಲ್ಕನೇ ಸಂಪುಟ 1898ರಲ್ಲಿ ಬಂತು. ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆ ಎಲ್ಲಾ ಅದರಲ್ಲೇ ಇವೆ.

ಅಷ್ಟು ಕಲ್ಲುಗಳನ್ನು ಓದಿಸಿದ್ದಕ್ಕೆ ರೈಸ್ ಅವರನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಕಣ್ಣು ಹೋಗೋದು ಜೋಡಣೆಯ ಕಡೆಗೆ. ಶಾಸನಗಳನ್ನು ರಾಜರ ಪ್ರಕಾರ ಜೋಡಿಸಿದ್ದರೆ ಒಬ್ಬ ರಾಜನ ಕಾಲ ತಪ್ಪು ಅಂತ ಗೊತ್ತಾದ ದಿನ ಇಡೀ ಕ್ರಮ ಕುಸಿಯುತ್ತಿತ್ತು. ಅವರು ತಾಲ್ಲೂಕು ಹಿಡಿದರು. ತಾಲ್ಲೂಕಿಗೆ ಎರಡಕ್ಷರದ ಸಂಕೇತ, ಅದರೊಳಗೆ ಕ್ರಮಸಂಖ್ಯೆ. ಹುಣಸೂರಿಗೆ ‘ಎಚ್‌ಎಸ್’, ಹೆಗ್ಗಡದೇವನಕೋಟೆಗೆ ‘ಎಚ್‌ಜಿ’, ಎಡತೊರೆಗೆ ‘ವೈಡಿ’. ಅದೇ ಸಂಪುಟದ ಪೀಠಿಕೆಯಲ್ಲಿ ಗಂಗರು, ಚೋಳರು, ಹೊಯ್ಸಳರು ಅಂತ ವಂಶವಾರು ಚರಿತ್ರೆ ಬರುತ್ತದೆ. ಹಾಗಾಗಿ ಒಂದೇ ಕಲ್ಲಿಗೆ ಎರಡು ದಾರಿ. ಊರು ಗೊತ್ತಿದ್ದವರು ಊರಿನಿಂದ ಬರಬಹುದು, ಕಾಲ ಗೊತ್ತಿದ್ದವರು ಕಾಲದಿಂದ.

ಇದರಿಂದ ಏನಾಯ್ತು ಅಂತ ತಿಳಿಯಲು ಎಚ್‌ಜಿ 18 ನೋಡಿ. ಕೋಟೆ ತಾಲ್ಲೂಕಿನ ಬೆಳತೂರಿನ ಕಲ್ಲು, ಕಾಲ ಕ್ರಿ.ಶ. 1057. ದೇಕಬ್ಬೆ ಎಂಬ ಹೆಣ್ಣುಮಗಳ ಕತೆ. ಗಂಡ ಏಚ ಮಲ್ಲಯುದ್ಧದಲ್ಲಿ ರಾಜನ ಬಂಧುವನ್ನು ಕೊಂದ, ಅದಕ್ಕಾಗಿ ರಾಜ ಅವನನ್ನು ಕೊಲ್ಲಿಸಿದ. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಇಳಿಯಲು ಹೊರಟಳು. ಹೆತ್ತವರು, ಬಂಧುಗಳು ಬೇಡ ಅಂತ ತಡೆದರು. ಅವಳು ಕೇಳಲಿಲ್ಲ. ಓದಿದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಆದರೆ ತಡೆಯಲು ಬಂದವರ ಸಂಕಟವನ್ನೂ ಬಿಡದೆ ಪದ್ಯ ಮಾಡಿದ್ದಾನೆ ಮಲ್ಲ ಎಂಬ ಕವಿ. ಕನ್ನಡ ಎಂ.ಎ. ಓದಿದ ಯಾರನ್ನಾದರೂ ಕೇಳಿ, ಬೆಳತೂರು ಶಾಸನ ಗೊತ್ತಿರುತ್ತದೆ.

ಕಾಡಂಚಿನ ಒಂದು ಹಳ್ಳಿಯ ಕಲ್ಲು ಹೀಗೆ ನಾಡಿಗೇ ಗೊತ್ತಾದದ್ದಕ್ಕೆ ಕಾವ್ಯ ಚೆನ್ನಾಗಿದೆ ಅನ್ನೋದು ಒಂದು ಕಾರಣ. ಇನ್ನೊಂದು, ಅದಕ್ಕೊಂದು ಸಂಖ್ಯೆ ಇದ್ದದ್ದು. ಒಬ್ಬ ವಿದ್ವಾಂಸರು ಅಡಿಟಿಪ್ಪಣಿಯಲ್ಲಿ ಆ ಸಂಖ್ಯೆ ಹಾಕಿದರೆ ಇನ್ನೊಬ್ಬರು ಅದನ್ನು ಹಿಡಿದು ಮೂಲಕ್ಕೆ ಹೋಗುತ್ತಾರೆ, ತಮ್ಮ ಪುಸ್ತಕದಲ್ಲೂ ಹಾಕುತ್ತಾರೆ. 1966ರಲ್ಲಿ ಬಂದ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ತೆಗೆದರೆ ಪುಟದ ಕೆಳಗೆ ಇಂಥ ಸಂಕೇತಗಳ ಸಾಲೇ ಇದೆ. ಅವೆಲ್ಲಾ ಲಿಂಕುಗಳೇ ಅಲ್ಲವಾ?

ಇದು ಬರೀ ಹೋಲಿಕೆಯಲ್ಲ. ಯೂಜಿನ್ ಗಾರ್ಫೀಲ್ಡ್ ಎಂಬ ಅಮೆರಿಕದವರು 1964ರಲ್ಲಿ ವಿಜ್ಞಾನ ಲೇಖನಗಳ ಉಲ್ಲೇಖ ಸೂಚಿ ಹೊರತಂದರು. ಯಾವ ಲೇಖನವನ್ನು ಯಾರ‍್ಯಾರು ಉಲ್ಲೇಖಿಸಿದ್ದಾರೆ ಅನ್ನೋ ಲೆಕ್ಕ ಅದು. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಅದೇ ಯೋಚನೆಯನ್ನು ವೆಬ್ ಪುಟಗಳಿಗೆ ತಂದರು. ತೂಕವಿರುವ ಪುಟಗಳು ಯಾವುದರ ಕಡೆ ಬೆರಳು ತೋರಿಸುತ್ತವೋ ಅದು ಮೇಲೆ ಬರಲಿ ಅಂತ. ಗೂಗಲ್ ಹುಟ್ಟಿದ್ದು ಹಾಗೆ. ಅಡಿಟಿಪ್ಪಣಿಯೇ ಅದರ ಅಜ್ಜ.

ಇನ್ನು ನಾಲ್ಕನೇ ನಿಯಮ. ತಾಲ್ಲೂಕು ಅನ್ನೋದು ಸರ್ಕಾರದ ಗೆರೆ, ಅದು ನಿಲ್ಲೋಲ್ಲ. ರೈಸ್ ಸಂಪುಟದಲ್ಲಿ ಪಿರಿಯಾಪಟ್ಟಣಕ್ಕೆ ಬೇರೆ ವಿಭಾಗವೇ ಇಲ್ಲ, ಅಲ್ಲಿನ ಶಾಸನಗಳು ಹುಣಸೂರಿನ ಲೆಕ್ಕದಲ್ಲಿವೆ. ಎಡತೊರೆಗೆ ಕಾವೇರಿ ಪ್ರವಾಹದ ಕಾಟ. ಪಕ್ಕದಲ್ಲೇ ಹೊಸ ಪಟ್ಟಣ ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ತಾಲ್ಲೂಕಿಗೂ ಕೃಷ್ಣರಾಜನಗರ ಅನ್ನೋ ಹೆಸರೇ ಆಯ್ತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತರಲು ಶುರು ಮಾಡಿದಾಗ ಎಲ್ಲಾ ಕದಲಿತು. ಕೋಟೆ ಮೂರನೇ ಸಂಪುಟಕ್ಕೆ ಹೋಯ್ತು, ಹುಣಸೂರು, ಪಿರಿಯಾಪಟ್ಟಣ ನಾಲ್ಕಕ್ಕೆ, ಕೆ.ಆರ್. ನಗರ ಐದಕ್ಕೆ. ನಂಬರುಗಳೂ ಹೊಸವು. ಎಪ್ಪತ್ತು ವರ್ಷದ ಅಡಿಟಿಪ್ಪಣಿಗಳೆಲ್ಲಾ ಒಂದೇ ಏಟಿಗೆ ಸತ್ತ ಲಿಂಕುಗಳಾಗಬೇಕಿತ್ತು. ಆಗಲಿಲ್ಲ. ಸಂಪಾದಕರು ಹೊಸ ಸಂಖ್ಯೆಯ ಜೊತೆ ಹಳೆಯದನ್ನೂ ಕೊಟ್ಟರು. ನಾವು ಸರ್ವರ್‌ನಲ್ಲಿ 301 ಅಂತ ಬರೆಯೋದು ಇದನ್ನೇ.

ಹೆಸರಿನ ತೊಂದರೆ ಇನ್ನೂ ಹಳೆಯದು. ಹಳಗನ್ನಡದ ‘ಪ’ ಮುಂದೆ ‘ಹ’ ಆಯ್ತು, ಪಾಲು ಹಾಲಾಯ್ತು. ಹನಸೋಗೆ ಒಂದು ಕಾಲದ ದೊಡ್ಡ ಜೈನ ಕೇಂದ್ರ, ಹಳೆಯ ಶಾಸನಗಳಲ್ಲಿ ಅದು ಪನಸೋಗೆ. ಪಿರಿಯಾಪಟ್ಟಣ ಮಾತ್ರ ಹಠ ಹಿಡಿದು ಹಿರಿಯಪಟ್ಟಣ ಆಗದೆ ಉಳಿಯಿತು. ಅದನ್ನೇ ಇಂಗ್ಲಿಷಿನಲ್ಲಿ ಒಬ್ಬರು ಪೆರಿಯಾ ಅಂತಾರೆ, ಇನ್ನೊಬ್ಬರು ಪಿರಿಯಾ ಅಂತಾರೆ. ಎರಡು ರೂಪ ಒಂದೇ ಊರು ಅಂತ ಯಾರಾದರೂ ಒಂದೇ ಕಡೆ ಬರೆದಿಡದಿದ್ದರೆ ಯಂತ್ರಕ್ಕೆ ಅವು ಎರಡು ಊರು.

ಈಗ ನಿಮ್ಮೂರಿನ ಹೆಸರು ಹುಡುಕಿ ನೋಡಿ. ನಮ್ಮೂರಿನದು ಹುಡುಕಿದರೆ ಪಿನ್‌ಕೋಡ್ ಬರುತ್ತೆ, ಜನಗಣತಿಯ ಅಂಕಿ ಬರುತ್ತೆ. ಎಲ್ಲಾ ಯಂತ್ರಗಳೇ ಹುಟ್ಟಿಸಿದ ಪುಟಗಳು. ಊರ ಬಗ್ಗೆ ಬರೆದದ್ದು ಇಲ್ಲ ಅಂತಲ್ಲ. ಎಷ್ಟೋ ಹಳೇ ಪುಸ್ತಕಗಳು ಬರೀ ಚಿತ್ರವಾಗಿ ಸ್ಕ್ಯಾನ್ ಆಗಿವೆ, ಒಳಗಿನ ಅಕ್ಷರ ಹುಡುಕಾಟಕ್ಕೆ ಸಿಗೋಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದ ಇದ್ದರೂ ವರ್ಷಗಟ್ಟಲೆ ನಾವು ಬೇರೆ ಬೇರೆ ಫಾಂಟುಗಳಲ್ಲಿ ಟೈಪ್ ಮಾಡಿದೆವು. ಕಣ್ಣಿಗೆ ಕನ್ನಡ, ಗೂಗಲ್‌ಗೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಇದರ ನಷ್ಟ ಕಲ್ಲಿನ ಮೇಲೇ ಬೀಳುತ್ತದೆ. ಹೆಸರಿಲ್ಲದ ವೀರಗಲ್ಲು ರಸ್ತೆ ಅಗಲ ಮಾಡುವಾಗ ಜೆಸಿಬಿಗೆ ಬರೀ ಕಲ್ಲು. ಇದು ಇಂಥ ಸಂಪುಟದ ಇಂಥ ನಂಬರಿನ ಶಾಸನ ಅಂತ ಮೊಬೈಲಿನಲ್ಲಿ ತೋರಿಸಬಲ್ಲ ಒಬ್ಬ ಹುಡುಗ ಊರಲ್ಲಿದ್ದರೆ ಕೆಲಸ ಅರ್ಧ ಗಂಟೆಯಾದರೂ ನಿಲ್ಲುತ್ತದೆ. ಕೆಲವೊಮ್ಮೆ ಆ ಅರ್ಧ ಗಂಟೆ ಸಾಕು.

ಸಾಲಿಗ್ರಾಮ ಈಗ ಕೆ.ಆರ್. ನಗರದಿಂದ, ಸರಗೂರು ಕೋಟೆಯಿಂದ ಬೇರೆಯಾಗಿ ತಾಲ್ಲೂಕುಗಳಾಗಿವೆ. ಅಲ್ಲಿಗೆ ಪರಿಷ್ಕೃತ ಸಂಪುಟಗಳ ತಲೆಬರಹವೂ ಹಳತಾಯ್ತು. ಈ ಸಲ ಕೊಂಡಿ ಹಾಕೋಕೆ ಇಲಾಖೆ, ವಿಶ್ವವಿದ್ಯಾನಿಲಯ ಅಂತ ಕಾಯಬೇಕಿಲ್ಲ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಕಲ್ಲಿನ ಒಂದು ಫೋಟೋ ತೆಗೆಯಿರಿ. ಊರಿನ ಹಳೇ ಹೆಸರು, ಹೊಸ ಹೆಸರು, ಹಳೇ ತಾಲ್ಲೂಕು, ಹೊಸ ತಾಲ್ಲೂಕು, ಸಂಪುಟ, ನಂಬರು ಎಲ್ಲವನ್ನೂ ಯೂನಿಕೋಡ್ ಕನ್ನಡದಲ್ಲಿ ಒಂದೇ ಪುಟದಲ್ಲಿ ಬರೆಯಿರಿ. ಪಕ್ಕದೂರಿನ ಕಲ್ಲಿಗೊಂದು ಲಿಂಕ್ ಹಾಕಿ. ಅವರೂ ನಿಮ್ಮೂರಿಗೆ ಹಾಕ್ತಾರೆ.