ಸಾವಿರಕ್ಕೆ 23

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ ಕೆಲವೇ ದಿನಗಳಲ್ಲಿ, 1837ರ ಜುಲೈ 1ರಂದು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಶುರುವಾಯಿತು. ಅದುವರೆಗೆ ಸಾವಿನ ಲೆಕ್ಕ ಚರ್ಚಿನ ಪಾಲಿಗಿತ್ತು. ಅಲ್ಲಿ ಬರೆದಿಡುತ್ತಿದ್ದುದು ಮಣ್ಣು ಮಾಡಿದ ದಿನವನ್ನು. ಹೊಸ ಪುಸ್ತಕ ಸತ್ತವರ ವಯಸ್ಸು, ಕಸುಬು, ಸಾವಿನ ಕಾರಣಗಳನ್ನೂ ಕೇಳಿತು. ಕೂಲಿಯವನ ಮಗು, ಎರಡು ವರ್ಷ, ಜ್ವರ. ಒಂದು ಸಾಲು, ಒಂದು ಜೀವ.

ಲಂಡನ್ನಿನ ನೋಂದಣಿ ಕಚೇರಿಯಲ್ಲಿ ವಿಲಿಯಂ ಫಾರ್ ಎಂಬ ವೈದ್ಯ ಈ ಸಾಲುಗಳನ್ನು ಕೂಡಿಸಿ, ಊರಿಗೆ ಊರನ್ನು ಹೋಲಿಸಿ ನೋಡತೊಡಗಿದ. ಆ ಲೆಕ್ಕವನ್ನು ಅಧಿಕಾರದ ಬಾಗಿಲಿಗೆ ಒಯ್ದವನು ಬಡವರ ಕಾಯಿದೆ ಆಯೋಗದ ಕಾರ್ಯದರ್ಶಿ ಎಡ್ವಿನ್ ಚಾಡ್‌ವಿಕ್. ದುಡಿಯುವ ಗಂಡಸು ಜ್ವರದಲ್ಲಿ ಸತ್ತರೆ ಅವನ ಹೆಂಡತಿ ಮಕ್ಕಳ ಹೊರೆ ಊರಿನ ತೆರಿಗೆಯ ಮೇಲೆ ಬೀಳುತ್ತದಲ್ಲ, ಅವನ ಚಿಂತೆ ಹುಟ್ಟಿದ್ದೇ ಅಲ್ಲಿಂದ. ಕರುಣೆಯಿಂದ ಹೊರಟವನಲ್ಲವೆಂದು ಅವನನ್ನು ಹಳಿಯಲು ನನಗೆ ಮನಸ್ಸಿಲ್ಲ. ಹೊರಟನಲ್ಲ, ಅಷ್ಟು ಸಾಕು.

1842ರಲ್ಲಿ ಅವನ ವರದಿ ಹೊರಬಂತು. ಆಯೋಗದ ಹಿರಿಯರು ಹೆಸರು ಹಾಕಲು ಒಪ್ಪದೆ, ಅದು ಅವನೊಬ್ಬನ ಹೆಸರಿನಲ್ಲೇ ಅಚ್ಚಾಯಿತು. ಅದರಲ್ಲೊಂದು ಸಣ್ಣ ಕೋಷ್ಟಕ. ಸತ್ತವರ ಸರಾಸರಿ ವಯಸ್ಸು: ಹಳ್ಳಿಗಾಡಿನ ರಟ್‌ಲೆಂಡ್‌ನಲ್ಲಿ ಸಿರಿವಂತರಿಗೆ 52, ಕೂಲಿಯವರಿಗೆ 38. ಗಿರಣಿಗಳ ಮ್ಯಾಂಚೆಸ್ಟರ್‌ನಲ್ಲಿ ಸಿರಿವಂತರಿಗೆ 38, ಕೂಲಿಯವರಿಗೆ 17. ನಗರದ ಸಿರಿವಂತ, ಹಳ್ಳಿಯ ಕೂಲಿ ಇಬ್ಬರಿಗೂ ಒಂದೇ ಆಯಸ್ಸು! ಬಡವರ ಸಾವಿಗೆ ಅವರ ಕುಡಿತ, ಸೋಮಾರಿತನಗಳೇ ಕಾರಣ ಎನ್ನುತ್ತಿದ್ದವರ ಬಾಯಿ ಕಟ್ಟಲು ಈ ಎರಡು 38ಗಳಿಗಿಂತ ಬಲವಾದ ಸಾಕ್ಷಿ ಇನ್ನೇನು ಬೇಕಿತ್ತು? ಮ್ಯಾಂಚೆಸ್ಟರ್‌ನ ದುಡಿಯುವವರ ಮನೆಗಳಲ್ಲಿ ಹುಟ್ಟಿದ ನೂರು ಮಕ್ಕಳಲ್ಲಿ 57ಕ್ಕೂ ಹೆಚ್ಚು ಐದು ತುಂಬುವ ಮೊದಲೇ ಮಣ್ಣಾಗುತ್ತಿದ್ದವು.

ಕೋಷ್ಟಕದಲ್ಲಿ ದೋಷವಿತ್ತು. ಮಕ್ಕಳು ಹೆಚ್ಚಿರುವ ಊರಿನಲ್ಲಿ ಸಾವಿನ ಸರಾಸರಿ ವಯಸ್ಸು ತಾನಾಗಿಯೇ ಇಳಿಯುತ್ತದೆಂದು ಗಣಿತ ಬಲ್ಲವರು ಬೇಗನೆ ತೋರಿಸಿಕೊಟ್ಟರು. ಆದರೂ ಕೊಳೆಗೇರಿಯ ಸಾವನ್ನು ಯಾರೂ ಅಲ್ಲಗಳೆಯಲಾಗಲಿಲ್ಲ.

1848ರಲ್ಲಿ ಸಾರ್ವಜನಿಕ ಆರೋಗ್ಯ ಕಾಯಿದೆ ಬಂತು. ಯಾವ ಊರಿನಲ್ಲಿ ಏಳು ವರ್ಷಗಳ ಸರಾಸರಿಯಂತೆ ವರ್ಷಕ್ಕೆ ಸಾವಿರ ಜನರಲ್ಲಿ 23ಕ್ಕಿಂತ ಹೆಚ್ಚು ಮಂದಿ ಸಾಯುತ್ತಾರೋ, ಅಲ್ಲಿಯವರು ಬೇಡವೆಂದರೂ ಆರೋಗ್ಯ ಮಂಡಳಿಯನ್ನು ಹೇರಬಹುದು ಎಂದಿತು ಅದು. ಗುಮಾಸ್ತರು ಬರೆದ ಸಾಲುಗಳು ರಾಜ್ಯದ ಶಾಸನದೊಳಗೆ ಅಂಕಿಯಾಗಿ ಕೂತವು. ನೆನೆದರೆ ಈಗಲೂ ನನ್ನ ಎದೆ ತುಂಬುತ್ತದೆ.

ಆದರೆ ರೋಗ ಹರಡುವುದು ದುರ್ಗಂಧದಿಂದ ಎಂದು ಚಾಡ್‌ವಿಕ್ ನಂಬಿದ್ದ. ಲಂಡನ್ನಿನ ಹೊಲಸನ್ನು ಮನೆಗಳಿಂದ ತೊಳೆದು ಥೇಮ್ಸ್ ನದಿಗೆ ಬಿಡಿಸಿದ; ಅದೇ ನದಿಯ ನೀರನ್ನು ಜನ ಕುಡಿಯುತ್ತಿದ್ದರು. 1849ರಲ್ಲಿ ಕಾಲರಾ ಸಾವಿರಾರು ಮನೆಗಳ ದೀಪ ಆರಿಸಿತು. 1854ರಲ್ಲಿ ಅವನು ಅಧಿಕಾರ ಬಿಡಬೇಕಾಯಿತು.

ಫಾರ್ ಕೂಡ ಕೆಟ್ಟ ಗಾಳಿಯನ್ನೇ ನಂಬಿದವನು. ಆದರೆ ಅವನ ಪುಸ್ತಕಗಳು ತೆರೆದೇ ಇದ್ದವು. ಕಾಲರಾದಿಂದ ಸತ್ತವರ ವಿಳಾಸಗಳನ್ನು ಜಾನ್ ಸ್ನೋ ಎಂಬ ವೈದ್ಯ ಆ ಕಚೇರಿಯಿಂದಲೇ ಪಡೆದು, ಮನೆಮನೆಗೆ ನಡೆದು, ನೀವು ಕುಡಿಯುವುದು ಯಾರ ನೀರು ಎಂದು ಕೇಳಿದ. 1866ರಲ್ಲಿ ಲಂಡನ್ನಿನ ಪೂರ್ವಭಾಗಕ್ಕೆ ಕಾಲರಾ ಮರಳಿದಾಗ, ಸಾವುಗಳಲ್ಲಿ ಬಹುಪಾಲು ಒಂದೇ ನೀರಿನ ಕಂಪನಿಯ ಸರಹದ್ದಿನಲ್ಲಿ ಗುಂಪುಗೂಡಿರುವುದನ್ನು ಫಾರ್ ತನ್ನ ಲೆಕ್ಕದಲ್ಲೇ ಕಂಡ. ನೀರಿನ ಮೇಲೆಯೇ ಬೊಟ್ಟು ಮಾಡಿದ. ತಾವು ಕೊಡುವುದು ಸೋಸಿದ ನೀರು ಎಂದು ಕಂಪನಿ ವಾದಿಸಿತು. ಅದರ ಗಿರಾಕಿಗಳ ಮನೆಯ ಕೊಳವೆಗಳಲ್ಲಿ ಹಾವುಮೀನುಗಳು ಸಿಕ್ಕವು.